ಅಪ್ಪ ಎಣ್ಣಿ ಹೊಡೆದ ಹೊಲಗಳು

ನಮ್ಮಪ್ಪನಿಗೆ ವಾಸನೆ ತಿಳಿಯುವುದಿಲ್ಲ ಎಂಬುದು ನಮಗೆ ಗೊತ್ತಾದದ್ದು ಒಲೆಯ ಮೇಲೆ ಬೇಳೆ ಹೊತ್ತಿದ ದಿನ. ಆಗ ನಾನು ಏಳನೇ ಇಯತ್ತೆ. ಸಾಲೆ ಬಿಟ್ಟು ಬರುವಾಗ ಓಣಿಯ ತುದಿಗೇ ಸೀದ ವಾಸನೆ ಮೂಗಿಗೆ ಬಡಿಯಿತು. ಓಡಿ ಬಂದು ನೋಡಿದರೆ ಅಪ್ಪ ಒಲೆಯಿಂದ ನಾಲ್ಕು ಮೊಳ ದೂರದಲ್ಲಿ ಆ ಕಡೆ ಬೆನ್ನು ಮಾಡಿ ಕುಳಿತು ಪಂಪಿನ ವಾಷರ್ ಬದಲಿಸುತ್ತಿದ್ದ. ಗಡಿಗೆಯಿಂದ ಕಪ್ಪು ಹೊಗೆ ಏಳುತ್ತಿತ್ತು.

"ಅಪ್ಪಾ, ಬ್ಯಾಳಿ ಸೀದು ಕರಕ್ ಆಗ್ಯದ! ನಿನಗ ವಾಸ್ನಿ ಬರಲಿಲ್ಲೇನು?"

ಅವನು ತಿರುಗಿ ಹೊಗೆ ನೋಡಿ ಗಾಬರಿಯಾದ. "ಇಲ್ಲಲ್ಲ ಯವ್ವಾ," ಅಂದ.

ನೀರಿಗೆ ಹೋಗಿದ್ದ ಅವ್ವ ಬಂದ ಮೇಲೆ ಅವನನ್ನು ಕೂರಿಸಿ ಪರೀಕ್ಷೆ ಮಾಡಿದಳು. ಕಣ್ಣು ಮುಚ್ಚಿಸಿ ಮೂಗಿನ ಹತ್ತಿರ ಜಜ್ಜಿದ ಬೆಳ್ಳುಳ್ಳಿ ಹಿಡಿದಳು. ಏನೂ ಇಲ್ಲ. ಸೀಮೆಎಣ್ಣೆ ಬಟ್ಟೆ ಹಿಡಿದಳು. ಏನೂ ಇಲ್ಲ. ಕಡೆಗೆ ಹೊರಗೆ ಮೊಳೆಗೆ ನೇತುಹಾಕಿದ್ದ ಅವನ ಕೆಲಸದ ಅಂಗಿಯನ್ನೇ ತಂದಳು. ಆ ಅಂಗಿಗೆ ನಾವಿಬ್ಬರೂ ಮೂಗು ಮುಚ್ಚಿಕೊಂಡೆವು, ಅವನು ಮಾತ್ರ ಕಣ್ಣು ಮುಚ್ಚಿ, "ಇದೇನು, ಖಾಲಿ ಕೈಯೇನು?" ಅಂತ ಕೇಳಿದ. ಕಣ್ಣು ತೆರೆದು ಅಂಗಿ ನೋಡಿದವನೇ ನಕ್ಕುಬಿಟ್ಟ. "ಚಲೋನೇ ಆತು ಬಿಡು. ಇನ್ನ ಎಣ್ಣಿ ವಾಸ್ನಿ ಕಾಟ ಇಲ್ಲ." ಅವ್ವ ನಗಲಿಲ್ಲ. ಅಂಗಿಯನ್ನು ಕೋಲಿನಿಂದ ಎತ್ತಿಕೊಂಡು ಹೊರಗೆ ಹೋದಳು.

ನಮ್ಮ ಕಡೆ ಕೀಟನಾಶಕ ಎಂದು ಯಾರೂ ಅನ್ನುವುದಿಲ್ಲ. ಎಣ್ಣಿ ಅನ್ನುತ್ತಾರೆ. ಅಡುಗೆಗೂ ಎಣ್ಣೆ, ತಲೆಗೂ ಎಣ್ಣೆ, ಹುಳ ಕೊಲ್ಲುವುದಕ್ಕೂ ಎಣ್ಣೆ. ನಮ್ಮಪ್ಪ ಎಣ್ಣಿ ಹೊಡೆಯುವವ. ಮಾದನಹಿಪ್ಪರಗಾದ ಸುತ್ತಲಿನ ಏಳೆಂಟು ಹಳ್ಳಿಗಳಲ್ಲಿ ತೊಗರಿ ಹೂವಿಗೆ ಬಂತೆಂದರೆ ಅವನಿಗೆ ಕರೆ ಬರುತ್ತಿತ್ತು. ಭೀಮಾ ದಂಡೆಯ ಅಫಜಲಪುರ ಕಡೆಗೆ ಕಬ್ಬು, ಜೇವರ್ಗಿ ಕಡೆಗೆ ಹತ್ತಿ. ನಮಗೆ ಸ್ವಂತ ಹೊಲ ಇರಲಿಲ್ಲ. ಅವನ ಹತ್ತಿರ ಇದ್ದದ್ದು ಬೆನ್ನಿಗೆ ಕಟ್ಟಿಕೊಳ್ಳುವ ಒಂದು ಪಂಪು, ಮತ್ತು ಒಂದು ಸಾಲನ್ನೂ ಬಿಡದೆ, ಒಂದು ಸಾಲಿಗೂ ಎರಡು ಸಲ ಹೊಡೆಯದೆ ಹೊಲ ಮುಗಿಸುವ ಹದ.

ಆ ಕೆಲಸದ ಇತಿಹಾಸವನ್ನು ನಾನು ಪುಸ್ತಕದಲ್ಲಿ ಓದುವ ಮೊದಲೇ ಅಪ್ಪನ ಬಾಯಿಂದ ಕೇಳಿದ್ದೆ. ಮೊದಲು ಪುಡಿ ಬಂತು. ಬೆಳ್ಳನೆಯ ಬಿಎಚ್‌ಸಿ ಪುಡಿ. ಅದನ್ನು ತೆಳ್ಳನೆಯ ಬಟ್ಟೆಯಲ್ಲಿ ಗಂಟು ಕಟ್ಟಿ, ಬೆಳಗಿನ ಮಂಜು ಇನ್ನೂ ಎಲೆಯ ಮೇಲಿರುವಾಗಲೇ ಗಿಡಗಳ ಮೇಲೆ ಹಿಡಿದು ಕೋಲಿನಿಂದ ತಟ್ಟುತ್ತ ಸಾಲು ಹಿಡಿದು ನಡೆಯುವುದು. ಹೊಲದಿಂದ ಹೊರಬರುವಾಗ ಮನುಷ್ಯರು ಗಿರಣಿಯವರ ಹಾಗೆ ಕಾಣುತ್ತಿದ್ದರಂತೆ, ರೆಪ್ಪೆಯ ಕೂದಲು ಕೂಡ ಬಿಳಿ. ಅದೇ ಪುಡಿಯನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿಡುವ ಜೋಳಕ್ಕೂ ಬೆರೆಸುತ್ತಿದ್ದರು, ತಗಣಿ ಆದರೆ ಮಲಗುವ ಹೊರಸಿನ ಸಂದಿಗೂ ಹಾಕುತ್ತಿದ್ದರು. ಆಮೇಲೆ ಡಬ್ಬಿಯಲ್ಲಿ, ಬಾಟಲಿಯಲ್ಲಿ ನೀರಿಗೆ ಬೆರೆಸುವ ಎಣ್ಣೆಗಳು ಬಂದವು, ಜೊತೆಗೆ ಪಂಪು ಬಂತು. ಹಾಲಿನಂತೆ ಬೆಳ್ಳಗಾಗುವ ಎಂಡೋಸಲ್ಫಾನ್ ಬಂತು, ಮತ್ತೆ ಬೇರೆ ಬೇರೆ ಬಂದವು. ಅಪ್ಪನಿಗೆ ಓದು ಬರುತ್ತಿರಲಿಲ್ಲ. ಬಾಟಲಿಯ ಚೀಟಿಯ ಮೇಲೆ ಒಂದು ಬಣ್ಣದ ಗುರುತು ಇರುತ್ತದಲ್ಲ, ಕೆಂಪು, ಹಳದಿ, ನೀಲಿ, ಹಸಿರು, ಅದನ್ನು ನೋಡಿ ಅವನು ಎಣ್ಣೆಯ ಶಕ್ತಿ ಹೇಳುತ್ತಿದ್ದ. "ಕೆಂಪಂದ್ರ ಜೋರ್" ಎಂದು ಅಂಗಡಿಯವರೂ ಹೇಳುತ್ತಿದ್ದರು, ರೈತರೂ ಕೆಂಪನ್ನೇ ಕೇಳುತ್ತಿದ್ದರು. ಆ ಕೆಂಪು ಹುಳಕ್ಕಲ್ಲ, ಮುಟ್ಟುವವನಿಗೆ ಹಾಕಿದ ಎಚ್ಚರಿಕೆ ಎಂದು ನನಗೆ ಗೊತ್ತಾದದ್ದು ಕಾಲೇಜಿಗೆ ಹೋದ ಮೇಲೆ.

ಖಾಲಿ ಡಬ್ಬಿಗಳು ನಮ್ಮ ಮನೆ ತುಂಬ ಇದ್ದವು. ಚಂದದ ಡಬ್ಬಿಗಳು, ಮುಚ್ಚಳ ಗಟ್ಟಿ. ತೊಳೆದು ಒಂದರಲ್ಲಿ ಉಪ್ಪು, ಒಂದರಲ್ಲಿ ಅಗಸಿ ಬೀಜ. ಬುದ್ಧನ ಪಟದ ಕೆಳಗಿನ ಗೂಡಿನಲ್ಲಿದ್ದ ಡಬ್ಬಿಯಲ್ಲಿ ನನ್ನ ಬಳಪ, ಪೆನ್ಸಿಲ್. ವಾಸನೆಯ ವಿಷಯ ತಿಳಿದ ವಾರವೇ ಅವ್ವ ಒಂದು ಹೊಸ ಡಬ್ಬಿಯನ್ನು ಬೂದಿ ಹಚ್ಚಿ ಮೂರು ಸಲ ತೊಳೆದು, ಅರ್ಧ ಕತ್ತರಿಸಿ, ಕೋಳಿಗಳಿಗೆ ನೀರಿಟ್ಟಳು. ಸಂಜೆಯೊಳಗೆ ನಾಲ್ಕು ಕೋಳಿಗಳು ಕುತ್ತಿಗೆ ತಿರುವಿಕೊಂಡು ಬಿದ್ದವು. ಅವ್ವ ಒಳಗೆ ಬಂದು ಉಪ್ಪು ಚೆಲ್ಲಿದಳು, ಅಗಸಿ ಚೆಲ್ಲಿದಳು, ನನ್ನ ಪೆನ್ಸಿಲ್ ಕೂಡ ಬಿಡಲಿಲ್ಲ. ಹಿತ್ತಿಲಲ್ಲಿ ಸೊಂಟದಷ್ಟು ತಗ್ಗು ತೋಡಿ ಎಲ್ಲ ಡಬ್ಬಿಗಳನ್ನು ಹುಗಿದಳು. ಹುಗಿದರೆ ಕೆಲಸ ಮುಗಿಯಿತು ಎಂದೇ ನಾವೆಲ್ಲ ತಿಳಿದಿದ್ದೆವು. ಈಗ ನನಗೆ ಗೊತ್ತು, ಮುಗಿಯುವುದಿಲ್ಲ. ಇವತ್ತಿಗೂ ಆ ಜಾಗದಲ್ಲಿ ನಾವು ಒಂದು ಕೊತ್ತಂಬರಿ ಕಡ್ಡಿಯನ್ನೂ ಹಾಕುವುದಿಲ್ಲ.

ಅದೇ ವರ್ಷ ಹಳ್ಳದಲ್ಲಿ ಮೀನು ತೇಲಿದವು. ಅಪ್ಪ ಕೆಲಸ ಮುಗಿಸಿ ಹಳ್ಳದಲ್ಲೇ ಪಂಪು ತೊಳೆಯುತ್ತಿದ್ದ. ಎಲ್ಲರೂ ಹಾಗೇ ಮಾಡುತ್ತಿದ್ದರು. ಮರುದಿನ ಬೆಳಗ್ಗೆ ಬೆರಳುದ್ದದ ಮೀನುಗಳು ಹೊಟ್ಟೆ ಮೇಲೆ ಮಾಡಿ ದಂಡೆಗೆ ಬಂದು ನಿಂತಿದ್ದವು. ನಾವು ಓಣಿಯ ಹುಡುಗಿಯರು ಖುಷಿಯಿಂದ ಉಡಿ ತುಂಬಿಕೊಂಡು ಮನೆಗೆ ತಂದೆವು. ಎಂದೂ ಕೈ ಎತ್ತದ ಅಪ್ಪ ಅವತ್ತು ನನ್ನ ಉಡಿಗೆ ಕೈ ಹಾಕಿ ಜಗ್ಗಿ ಎಲ್ಲ ಮೀನು ಕೆಳಗೆ ಕೆಡವಿದ. ಓಣಿಯ ಎಲ್ಲ ಮನೆಗಳಿಗೆ ಹೋಗಿ, "ತಿನಬ್ಯಾಡ್ರೆವ್ವಾ, ಅದು ನಾ ಮಾಡಿದ್ದದ" ಎಂದು ಹೇಳಿ ಬಂದ. ಆ ಮೇಲೆ ಅವನು ಪಂಪನ್ನು ಹಳ್ಳಕ್ಕೆ ಒಯ್ಯಲಿಲ್ಲ. ಎರಡು ಕೊಡ ನೀರು ಹೊತ್ತುಕೊಂಡು ಬೀಳು ನೆಲಕ್ಕೆ ಹೋಗಿ ತೊಳೆಯುತ್ತಿದ್ದ. ದಣಿದು ಬಂದವನು ಮತ್ತೆ ನೀರು ಹೊರುವುದನ್ನು ನೋಡಿ ಜನ ನಗುತ್ತಿದ್ದರು.

ನಾನು ಹತ್ತನೇ ಇಯತ್ತೆಯಲ್ಲಿದ್ದಾಗ, ದಸರೆಯ ಹೊತ್ತಿಗೆ, ಕಿರಾಣಿ ಅಂಗಡಿಯ ಫೋನಿಗೆ ಜೇವರ್ಗಿಯಿಂದ ಸುದ್ದಿ ಬಂತು. ಹತ್ತಿ ಹೊಲದಲ್ಲಿ ಎಣ್ಣಿ ಹೊಡೆಯುತ್ತಿದ್ದಾಗ ಅಪ್ಪ ಬಿದ್ದಿದ್ದಾನೆ, ದವಾಖಾನೆಯಲ್ಲಿದ್ದಾನೆ. ಅವ್ವ ನಾನು ಆಳಂದಕ್ಕೆ ಬಂದು, ಅಲ್ಲಿಂದ ಕಲಬುರಗಿ, ಅಲ್ಲಿಂದ ಮತ್ತೊಂದು ಬಸ್ಸು ಹಿಡಿದು ಜೇವರ್ಗಿ ಮುಟ್ಟುವ ಹೊತ್ತಿಗೆ ಮಧ್ಯಾಹ್ನ ಇಳಿದಿತ್ತು. ಅಪ್ಪ ಮಂಚದ ಮೇಲೆ ತೊಯ್ದು ತಪ್ಪಡಿಯಾಗಿ ಮಲಗಿದ್ದ. ಬೆವರು, ಜೊಲ್ಲು, ಕೈ ನಡುಕ. ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟು ಸಣ್ಣದಾಗಿತ್ತು. ಗಾಳಿ ತಿರುಗಿದ್ದನ್ನು ನೋಡದೆ ಎರಡು ಸಾಲು ಗಾಳಿಗೆ ಎದುರಾಗಿ ಹೊಡೆದಿದ್ದನಂತೆ. ವಾಸನೆ ತಿಳಿಯುವವರಿಗೆ ಮೊದಲ ಸಾಲಿಗೇ ಗೊತ್ತಾಗುತ್ತಿತ್ತು. ಡಾಕ್ಟರು ಸೂಜಿಯ ಮೇಲೆ ಸೂಜಿ ಕೊಡುತ್ತಿದ್ದರು.

ಎರಡನೇ ದಿನ ಅವನು ನಮ್ಮನ್ನು ಗುರುತಿಸಿದ. ನನ್ನ ಕೈ ಹಿಡಿದು, "ಹುಳಕ್ಕ ಹೆಂಗಾಗ್ತದ ಅಂತ ನೋಡಿ ಬಂದೆ ಯವ್ವಾ," ಅಂದ. ಆಗ ಅವ್ವ ಮೊದಲ ಸಲ ಅತ್ತಳು.

ಅವನನ್ನು ಟೆಂಪೋದಲ್ಲಿ ಹಾಕಿಕೊಂಡು ದವಾಖಾನೆಗೆ ತಂದವಳು ಆ ಹತ್ತಿ ಹೊಲದ ಒಡತಿ. ಐವತ್ತು ದಾಟಿದ ಹೆಣ್ಣುಮಗಳು, ಗಂಡ ತೀರಿದ ಮೇಲೆ ತಾನೇ ಹೊಲ ಮಾಡಿಸುತ್ತಿದ್ದಳು. ನಾಲ್ಕು ದಿನವೂ ಅವಳ ಮನೆಯಿಂದ ನಮಗೆ ರೊಟ್ಟಿ, ಮಜ್ಜಿಗೆ ಬಂತು. ಕಡೆಯ ದಿನ ತಾನೇ ಬಂದು ಅವ್ವನ ಪಕ್ಕ ಕುಳಿತಳು.

"ನನ್ನ ಹೊಲದಾಗ ಹಿಂಗ ಆತು ತಂಗಿ, ನನಗ ಎರಡು ದಿನಾ ಕೂಳು ಇಳಿದಿಲ್ಲ. ನಾ ಮದಿವ್ಯಾಗಿ ಬಂದಾಗ ಈ ಎಣ್ಣಿ ಎಲ್ಲಿತ್ತು? ತೊಗರಿಗಿ ಹುಳ ಬಿದ್ರ ನಾವು ಹೆಣ್ಮಕ್ಕಳೆಲ್ಲಾ ಹೋಗಿ ಗಿಡ ಜಾಡಿಸ್ತಿದ್ವಿ. ಕೆಳಗ ಕೌದಿ ಹಾಸಿ, ಬಿದ್ದ ಹುಳ ಬಾಚಿ ಕೋಳಿಗಿ ಹಾಕ್ತಿದ್ವಿ."

"ಹತ್ತಿಗೂ ಹಂಗ ಮಾಡಾಕ ಬರ್ತದೇನ್ರಿ ಅಕ್ಕಾರ?" ಎಂದು ಅವ್ವ ಕೇಳಿದಳು.

"ಹತ್ತಿಗಿ ಬರಾಂಗಿಲ್ಲ. ತೊಗರಿಗಿ ಬರ್ತದ."

ಅವ್ವ ತಲೆಯಾಡಿಸಿದಳು. ಅವಳು ಆ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದಾಳೆ ಎಂದು ನನಗಾಗಲಿ ಅಪ್ಪನಿಗಾಗಲಿ ಅನಿಸಲಿಲ್ಲ.

ಅಪ್ಪ ಎರಡು ತಿಂಗಳು ಮನೆಯಲ್ಲಿ ಕುಳಿತ. ನಂತರ ಮತ್ತೆ ಪಂಪು ಕಟ್ಟಿದ. ಬೇರೆ ಕೆಲಸ ಅವನಿಗೆ ಬರುತ್ತಿರಲಿಲ್ಲ, ಮತ್ತು ನಿಜ ಹೇಳಬೇಕೆಂದರೆ ತನ್ನ ಕೆಲಸದ ಬಗ್ಗೆ ಅವನಿಗೆ ಅಭಿಮಾನವಿತ್ತು. ಆದರೆ ಅಲ್ಲಿಂದ ಮುಂದೆ ಹೊಲಕ್ಕೆ ಇಳಿಯುವ ಮೊದಲು ಒಂದು ಚಿಟಿಕೆ ಮಣ್ಣು ಎತ್ತಿ ಗಾಳಿಗೆ ಬಿಡುತ್ತಿದ್ದ. ಮಣ್ಣು ಯಾವ ಕಡೆ ಹೋಗುತ್ತದೋ ಆ ಕಡೆ ಮುಖ ಮಾಡಿ ಹೊಡೆಯುತ್ತಿದ್ದ.

ಆಮೇಲೆ ಹುಳ ಸಾಯದ ವರ್ಷ ಬಂತು. ನಾನು ಆಗ ಕಲಬುರಗಿಯಲ್ಲಿ ಬಿಎಸ್ಸಿ ಓದುತ್ತಿದ್ದೆ, ದೀಪಾವಳಿ ರಜೆಗೆ ಊರಿಗೆ ಬಂದಿದ್ದೆ. ನಮ್ಮೂರ ಗೌಡರ ತೊಗರಿ ಕಾಯಿ ಕಟ್ಟುತ್ತಿತ್ತು, ಒಂದೊಂದು ಗಿಡದಲ್ಲಿ ಹತ್ತು ಹನ್ನೆರಡು ಹಸಿರು ಹುಳ. ಅಪ್ಪ ಒಂದು ಸಲ ಹೊಡೆದ, ಎರಡು ಸಲ ಹೊಡೆದ, ಮೂರನೇ ಸಲ ಎರಡು ಎಣ್ಣೆ ಕೂಡಿಸಿ ಹೊಡೆದ. ಹುಳ ತಲೆಯನ್ನು ಕಾಯಿಯೊಳಗೆ ಇಟ್ಟುಕೊಂಡು ಹಾಯಾಗಿ ತಿನ್ನುತ್ತಲೇ ಇತ್ತು. ನಾನು ಅವತ್ತು ಬುತ್ತಿ ತೆಗೆದುಕೊಂಡು ಹೊಲಕ್ಕೆ ಹೋಗಿದ್ದೆ. ಗೌಡರು ಬದುವಿನ ಮೇಲೆ ನಿಂತು ಕೂಗಾಡುತ್ತಿದ್ದರು.

"ಏನಲೇ, ಎಣ್ಣಿಗಿ ನೀರ್ ಜಾಸ್ತಿ ಬೆರಸಾಕತ್ತೀಯೇನು? ಮೂರ್ ಸಲ ಹೊಡದ್ರೂ ಒಂದು ಹುಳ ಸತ್ತಿಲ್ಲಲ್ಲ!"

ಅಪ್ಪ ಎದುರು ಮಾತಾಡುವವನಲ್ಲ. ಅವತ್ತು ಮಾತ್ರ ಪಂಪು ಇಳಿಸಿ, "ಬರ್ರಿ ಗೌಡ್ರ, ನೋಡ್ರಿ," ಅಂದ. ಒಂದು ಕಾಯಿಯಿಂದ ದಪ್ಪನೆಯ ಹುಳ ಬಿಡಿಸಿ, ಬೆರೆಸಿಟ್ಟ ಎಣ್ಣೆಯ ಬಕೆಟ್ಟಿನೊಳಗೇ ಹಾಕಿದ. ಹುಳ ಮುಳುಗಿತು, ಮೇಲೆ ಬಂತು, ಮೈ ತಿರುವುತ್ತ ಬಕೆಟ್ಟಿನ ಗೋಡೆಗೆ ಹೋಗಿ ಅಂಟಿಕೊಂಡಿತು. ಮತ್ತೆ ಮೆಲ್ಲಗೆ ಹತ್ತತೊಡಗಿತು. ಅಂಚಿಗೆ ಬಂದು ತಲೆ ಎತ್ತಿ ಆ ಕಡೆ ಈ ಕಡೆ ನೋಡಿತು. ಗೌಡರು, ಕೂಲಿಯವರು, ನಾನು, ಎಲ್ಲರೂ ಬಗ್ಗಿ ನಿಂತಿದ್ದೆವು.

"ಇದೇ ನನ್ನ ಮ್ಯಾಲ ಬಿದ್ರ ನಾ ಸಾಯ್ತೇನ್ರಿ. ಅದು ಸಾಯಂಗಿಲ್ಲ," ಅಂದ ಅಪ್ಪ.

ಈಗ ಒಂಬತ್ತನೇ, ಹತ್ತನೇ ತರಗತಿಯ ಮಕ್ಕಳಿಗೆ ನಾನು ಇದನ್ನೇ ಪಾಠ ಮಾಡುತ್ತೇನೆ. ಪ್ರತಿ ಸಲ ಎಣ್ಣೆ ತಾಳಿ ಬದುಕಿದ ಹುಳದ ಮರಿಗಳೇ ಮುಂದಿನ ಹುಳಗಳಾದವು. ಹುಳ ತಿನ್ನುತ್ತಿದ್ದ ಜೇಡ, ಹುಳದ ಮೇಲೆ ಮೊಟ್ಟೆ ಇಡುತ್ತಿದ್ದ ಸಣ್ಣ ಕಣಜ, ಇವು ಮೊದಲ ಸಲಕ್ಕೇ ಸತ್ತವು. ಹೂವಿನ ಮೇಲಿನ ಜೇನು ಹೋದವು. ಪುಡಿಯ ಕಾಲದ ವಿಷ ಮಣ್ಣಿನಲ್ಲಿ, ನೀರಿನಲ್ಲಿ, ಹಾಲಿನಲ್ಲಿ ಉಳಿಯಿತು. ಸರಕಾರ ಒಂದೊಂದೇ ಎಣ್ಣೆಯನ್ನು ನಿಲ್ಲಿಸುತ್ತ ಬಂದ ಹಾಗೆಲ್ಲ ಹೊಸದೊಂದು ಅಂಗಡಿಗೆ ಬಂತು. ಪಾಠದಲ್ಲಿ ಇದೆಲ್ಲ ಎರಡು ಪುಟ. ನನಗೆ ಮಾತ್ರ ಆ ಬಕೆಟ್ಟಿನ ಅಂಚೇ ಕಣ್ಣಿಗೆ ಬರುತ್ತದೆ.

ಆ ಸಂಜೆ ಅಪ್ಪ ಮನೆಗೆ ಬಂದು ನಡೆದದ್ದು ಹೇಳಿದಾಗ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಬಡಿಯುತ್ತಲೇ, "ನಾಳಿ ಗಿಡ ಜಾಡಿಸೂಣು," ಅಂದಳು.

"ಏನಂದಿ?"

"ಜೇವರ್ಗಿ ಅಕ್ಕ ಹೇಳಿರಲಿಲ್ಲೇನು? ಗೌಡ್ರಿಗಿ ಹೋಗಿ ಹೇಳ್ರಿ. ನಮ್ಮ ಓಣಿ ಹನ್ನೊಂದು ಮಂದಿ ಹೆಣ್ಮಕ್ಕಳು ಬರ್ತೇವಿ. ಎಣ್ಣಿ ಹೊಡಿಯೋ ಪಗಾರ ನಮಗ ಕೊಡ್ಲಿ."

ಗೌಡರು ಮೊದಲು ನಕ್ಕರಂತೆ. ಆದರೆ ಕಳೆದುಕೊಳ್ಳುವುದಕ್ಕೆ ಬೇರೇನೂ ಉಳಿದಿರಲಿಲ್ಲವಲ್ಲ, ಹೂಂ ಅಂದರು. ಮರುದಿನ ಬೆಳಗ್ಗೆ ಚಳಿಗೆ ತಲೆಗೆ ಸೆರಗು ಬಿಗಿದುಕೊಂಡು ನಾವು ಹೊಲಕ್ಕೆ ಹೋದೆವು. ನಾನೂ ಹೋದೆ. ಇಬ್ಬರು ಹಳೆಯ ಸೀರೆ ಜೋಡಿಸಿ ಹೊಲಿದ ಹಾಸನ್ನು ಎರಡು ಸಾಲಿನ ನಡುವೆ ಎಳೆಯುತ್ತ ಹೋಗುವುದು, ಇಬ್ಬರು ಗಿಡದ ಬುಡ ಹಿಡಿದು ಅಲುಗಾಡಿಸುವುದು. ಜೋರಾಗಿ ಜಗ್ಗಿದರೆ ಕಾಯಿ ಉದುರುತ್ತದೆ, ಮೆಲ್ಲಗೆ ಮಾಡಿದರೆ ಹುಳ ಬೀಳುವುದಿಲ್ಲ. ಮೂರ್ನಾಲ್ಕು ಗಿಡಕ್ಕೆ ಕೈ ಹದ ಕಲಿಯಿತು. ಚಳಿಗೆ ಜಡವಾಗಿದ್ದ ಹುಳಗಳು ಟಪಟಪ ಎಂದು ಸೀರೆಯ ಮೇಲೆ ಬಿದ್ದವು. ಒಂದು ಸಾಲು ಮುಗಿಯುವಷ್ಟರಲ್ಲಿ ಅರ್ಧ ಬುಟ್ಟಿ. ಹೆಂಗಸರು ಮೊದಲು ಹೇಸಿಕೊಂಡರು, ಆಮೇಲೆ ಯಾರ ಸೀರೆಗೆ ಹೆಚ್ಚು ಬಿತ್ತು ಎಂದು ಪೈಪೋಟಿಗೆ ನಿಂತರು.

ಅಪ್ಪ ಪಂಪಿಲ್ಲದ ಬರಿಯ ಬೆನ್ನಿನಲ್ಲಿ ಬದುವಿನ ಮೇಲೆ ನಿಂತಿದ್ದ. ಎರಡನೇ ಸಾಲಿಗೆ ಅವನೇ ಬಂದು ಒಬ್ಬಾಕೆಯ ಕೈಯಿಂದ ಹಾಸಿನ ಅಂಚು ತೆಗೆದುಕೊಂಡ. "ಕೊಡ್ ತಂಗಿ, ನನಗ ಸಾಲು ಗೊತ್ತದ," ಅಂದ.

ಮೂರನೇ ದಿನದ ಹೊತ್ತಿಗೆ ಕಾಜಾಣ, ಗೊರವಂಕ ನಮ್ಮ ಹಿಂದೆ ಹಿಂದೆ ಬರತೊಡಗಿದವು. ಹಾಸಿನಿಂದ ಹೊರಗೆ ಬಿದ್ದ ಹುಳ ಅವುಗಳ ಪಾಲು. ಅವ್ವ ಮನೆಯಿಂದ ಚುರುಮುರಿ ತಂದು ಸಾಲಿನಲ್ಲಿ ಚೆಲ್ಲಿದಳು, ಇನ್ನಷ್ಟು ಹಕ್ಕಿ ಬಂದವು. ಓಣಿಯ ಕೋಳಿಗಳೆಲ್ಲ ಆ ತಿಂಗಳು ದಪ್ಪಗಾದವು. ಗೌಡರ ತೊಗರಿ ಪೂರ್ತಿ ಉಳಿಯಲಿಲ್ಲ, ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಕೈಗೆ ಬಂತು. ಸುತ್ತಲ ಹೊಲಗಳಲ್ಲಿ ಅಷ್ಟೂ ಬರಲಿಲ್ಲ. ಗೌಡರು ನಮ್ಮ ಮನೆ ಮುಂದೆ ಬಂದು ನಿಂತು ಅವ್ವನಿಗೆ, "ಮುಂದಿನ ವರ್ಷ ಹೂವಿದ್ದಾಗಿಂದೇ ನೋಡ್ಕೋಬೇ. ಹೊಲಾ ನಿನ್ನ ಕೈಯಾಗ," ಅಂದರು. ಎಣ್ಣೆಗೆ ನೀರು ಬೆರೆಸಿದ್ದೀಯೆಂದು ಬೈದದ್ದಕ್ಕೆ ಅಪ್ಪನ ಬಳಿ ತಪ್ಪಾಯಿತೆಂದು ಹೇಳಲಿಲ್ಲ. ಆದರೆ ಆ ವರ್ಷದಿಂದ ಎರಡು ಎಕರೆ ಪಾಲಿಗೆ ಕೊಟ್ಟರು, ಅದೇ ಅವರು ಹೇಳುವ ರೀತಿ ಇರಬೇಕು.

ಹೀಗೆ ಅಪ್ಪ ಸ್ವಲ್ಪ ಸ್ವಲ್ಪವಾಗಿ ಬೇರೆಯವರ ಹೊಲಕ್ಕೆ ಹೋಗುವುದು ಬಿಟ್ಟ. ನನಗೆ ಅಫಜಲಪುರದ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರಾಗಿ ನೌಕರಿ ಸಿಕ್ಕಿತು. ಅಲ್ಲೇ ಮದುವೆ, ಅಲ್ಲೇ ಮನೆ. ಕೆಲವು ವರ್ಷಗಳಲ್ಲಿ ಆ ಎರಡು ಎಕರೆ ಕೊಂಡು ನಮ್ಮದೇ ಮಾಡಿಕೊಂಡೆವು. ಈಗ ಅಪ್ಪನಿಗೆ ಎಪ್ಪತ್ತು ದಾಟಿದೆ. ಸಾಲು ಸಾಲಿಗೆ ಹಕ್ಕಿ ಕೂರಲು ಕವಲು ಕೋಲು ನೆಡುತ್ತಾನೆ, ಬೇವಿನ ಬೀಜ ಕುಟ್ಟಿ ನೆನೆಸಿ ಸೋಸಿ ಹೊಡೆಯುತ್ತಾನೆ. ಓಣಿಯ ಹೆಂಗಸರು ಈಗಲೂ ಜಾಡಿಸಲು ಬರುತ್ತಾರೆ. ಸೀರೆಯ ಬದಲು ಪ್ಲಾಸ್ಟಿಕ್ಕಿನ ತಾಡಪತ್ರಿ ಬಂದಿದೆ. ನಾನು ಒಮ್ಮೆ ಹೆಮ್ಮೆಯಿಂದ, ನಮ್ಮ ಹೊಲಕ್ಕೆ ವಿಷ ಸೋಕಿಲ್ಲ ಎಂದು ಯಾರಿಗೋ ಹೇಳುತ್ತಿದ್ದಾಗ ಅಪ್ಪ ನಡುವೆ ಬಾಯಿ ಹಾಕಿದ. "ಸುಳ್ ಹೇಳಬ್ಯಾಡ. ಮೋಡ ಮುಸುಕಿ ಹುಳ ಜಾಸ್ತಿ ಆದ ವರ್ಷ ಒಂದು ಸಲ ಹೊಡೀಬೇಕಾಗ್ತದ. ಹೊಡದೇನಿ." ಅಂಥ ದಿನ ಅವನು ಹಸಿರು ಗುರುತಿನ ಬಾಟಲಿಯನ್ನೇ ಹುಡುಕಿ ತರುತ್ತಾನೆ, ಮುಖಕ್ಕೆ ಬಟ್ಟೆ, ಕೈಗೆ ಪ್ಲಾಸ್ಟಿಕ್ ಚೀಲ, ಮೊಣಕಾಲಿನವರೆಗೆ ಬೂಟು. ಅವ್ವ ಬದುವಿನ ಮೇಲೆ ಕುಳಿತು ಕಾಯುತ್ತಾಳೆ.

ಹೋದ ವರ್ಷ ಕಾರ್ತಿಕದಲ್ಲಿ ಒಂದು ಭಾನುವಾರ ಊರಿಗೆ ಹೋಗಿದ್ದೆ. ನಮ್ಮ ಪಕ್ಕದ ಹೊಲದವರು ತೊಗರಿಗೆ ಡ್ರೋನಿನಿಂದ ಎಣ್ಣಿ ಹೊಡೆಸುತ್ತಿದ್ದರು. ಡ್ರೋನ್ ತಂದವಳು ಮೂವತ್ತೈದರ ಹತ್ತಿರದ ಒಬ್ಬ ಹೆಣ್ಣುಮಗಳು, ಆಳಂದದ ಕಡೆಯ ಮಹಿಳಾ ಸಂಘದಾಕೆ. ಅದು ಗುಂಯ್ ಎನ್ನುತ್ತ ಎದ್ದು ಗಿಡಗಳ ಮೇಲೆ ಹೋಗಿ ಬರುವುದನ್ನು ಅಪ್ಪ ಹಣೆಗೆ ಕೈ ಅಡ್ಡ ಹಿಡಿದು ನೋಡಿದ. ಅವನಿಗೆ ಬೇಸರವಾಗಬಹುದು ಎಂದುಕೊಂಡಿದ್ದೆ. ಅವನ ಮುಖ ಅರಳಿತ್ತು.

"ಮನಶ್ಯಾ ಎಣ್ಣ್ಯಾಗ ತೊಯ್ಯಾಂಗಿಲ್ಲ ನೋಡು," ಅಂದ ನನಗೆ. "ಬೆನ್ನಿಗಿ ಏನೂ ಇಲ್ಲ!"

ಸ್ವಲ್ಪ ಹೊತ್ತಾದ ಮೇಲೆ ಬಗ್ಗಿ ಒಂದು ಚಿಟಿಕೆ ಮಣ್ಣೆತ್ತಿ ಗಾಳಿಗೆ ಬಿಟ್ಟ. ಮಣ್ಣು ಹಳ್ಳದ ಕಡೆಗೆ ಹೋಯಿತು. ಅವನು ದಾಪುಗಾಲು ಹಾಕುತ್ತ ಆಕೆಯ ಹತ್ತಿರ ನಡೆದ.

"ತಂಗಿ, ಗಾಳಿ ಹಳ್ಳದ ಕಡಿ ಹೊಂಟದ. ಆ ಕಡಿ ದನಾ ನೀರ್ ಕುಡಿತಾವ. ಒಂದ್ ತಾಸು ತಡಿ."

ಆಕೆ ಹುಬ್ಬು ಗಂಟು ಹಾಕಿದಳು. "ಕಾಕಾ, ಇನ್ನ ಎರಡು ಹೊಲ ಅದಾವ್ರಿ ನಂಗ ಇವತ್ತ."

"ಖರೇ. ಆದ್ರ ನಾ ಹೇಳೋದು ಕೇಳು. ನಾ ಈ ಹೊಲಕ್ಕ ಎಷ್ಟ್ ವರ್ಷ ಎಣ್ಣಿ ಹೊಡದೇನಿ ಅಂತ ನನ್ನ ಮಗಳನ್ನ ಕೇಳು. ಆ ಹಳ್ಳದಾಗ ಮೀನ ಸತ್ತಿದ್ದು ನನ್ನ ಕೈಲಿಂದ."

ಆಕೆ ನನ್ನ ಕಡೆ ನೋಡಿದಳು. ನಾನು ಹೌದೆಂದು ತಲೆಯಾಡಿಸಿದೆ. ಆಕೆ ಡ್ರೋನ್ ಇಳಿಸಿದಳು.

ಆ ಒಂದು ತಾಸು ಆಕೆ ನಮ್ಮ ಬದುವಿನ ಮೇಲೆ ಕುಳಿತು ಅವ್ವ ಕೊಟ್ಟ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಹಿಂಡಿ ತಿಂದಳು. ಒಂದು ಎಕರೆಗೆ ಎಷ್ಟು ಹೊತ್ತು, ಬ್ಯಾಟರಿ ಎಷ್ಟು ಬರುತ್ತದೆ ಎಂದು ಅಪ್ಪ ಕೇಳುತ್ತಲೇ ಇದ್ದ. ಹಳೆಯ ಕಾಲದ ಪುಡಿಯ ಬಗ್ಗೆ ಆಕೆ ಕೇಳಿದಳು. ರೆಪ್ಪೆ ಬೆಳ್ಳಗಾಗುತ್ತಿದ್ದುದನ್ನು ಅಪ್ಪ ನಟಿಸಿ ತೋರಿಸಿದಾಗ ಆಕೆಗೆ ನಗು ತಡೆಯಲಾಗಲಿಲ್ಲ. ನಮ್ಮ ತೊಗರಿ ಹೂವಿನ ಮೇಲೆ ಜೇನು ಗುಂಯ್‌ಗುಡುತ್ತಿದ್ದವು. ಗಾಳಿ ತಿರುಗಿದ ಮೇಲೆ ಇಬ್ಬರೂ ಎದ್ದು ಹೋಗಿ, ಪಕ್ಕದ ಹೊಲದವನನ್ನೂ ಕರೆದು, ಹಳ್ಳದ ಕಡೆಯ ನಾಲ್ಕು ಸಾಲು ಬಿಡಬೇಕೆಂದು ಕೋಲು ನೆಟ್ಟು ಬಟ್ಟೆ ಕಟ್ಟಿ ಗುರುತು ಮಾಡಿದರು. "ಆ ನಾಕು ಸಾಲು ನಾವೇ ಜಾಡಿಸ್ತೇವಿ, ಚಿಂತಿ ಬ್ಯಾಡ" ಎಂದು ಅವ್ವ ಕುಳಿತಲ್ಲಿಂದಲೇ ಕೂಗಿದಳು. ಪಕ್ಕದವನು ಕೈ ಮುಗಿದು ನಕ್ಕ.

ನಾನು ಸಂಜೆಯ ಬಸ್ಸಿಗೆ ಹೊರಟೆ. ಅಪ್ಪ ಒಂದು ಚೀಲ ಹಸಿ ತೊಗರಿಕಾಯಿ ಕಿತ್ತು ಕೊಟ್ಟ. ಅಫಜಲಪುರ ಮುಟ್ಟಿ ಉಪ್ಪು ಹಾಕಿ ಕುದಿಸಿ ತಾಟಿಗೆ ಸುರಿದೆ. ಮಗಳು, ಗಂಡ, ಪಕ್ಕದ ಮನೆಯವರು ಸುತ್ತ ಕುಳಿತು ಮಾತಾಡುತ್ತ ಸುಲಿದು ತಿಂದು ಮುಗಿಸಿದರು. ಕುದಿಸುವ ಮುಂಚೆ ಆರಿಸುವಾಗ ಎರಡು ಹುಳ ಸಿಕ್ಕಿದ್ದವು, ಹಸಿರು, ದಪ್ಪ, ಜೀವಂತ. ಅವನ್ನು ಹಿತ್ತಿಲ ಗೋಡೆಯ ಮೇಲೆ ಇಟ್ಟು ಬಂದಿದ್ದೆ. ಬೆಳಗ್ಗೆ ಹೋಗಿ ನೋಡಿದಾಗ ಅವು ಅಲ್ಲಿ ಇರಲಿಲ್ಲ, ಗೋಡೆಯ ಮೇಲೆ ಒಂದು ಗೊರವಂಕ ಕುಳಿತಿತ್ತು.